ಕುಸುಬೆ ಹೊಲದ ಮೂರು ಚಿತ್ರಗಳು

ಹೊಸದಾಗಿ ಚಿತ್ರಕಲಾ ಶಿಕ್ಷಕರಾಗಿ ಸೇರಿದ ಕಿರಿಯರು ನನ್ನಲ್ಲಿಗೆ ಬಂದಾಗ ಸಾಮಾನ್ಯವಾಗಿ ಎರಡು ಪ್ರಶ್ನೆಗಳನ್ನು ಕೇಳುತ್ತಾರೆ. ಕಣ್ಣಿಗೆ ಕಂಡದ್ದರಲ್ಲಿ ಯಾವುದನ್ನು ಬಿಡಬೇಕು, ಯಾವುದನ್ನು ಉಳಿಸಿಕೊಳ್ಳಬೇಕು ಎಂಬುದು ಮೊದಲನೆಯದು. ಅಕ್ರಿಲಿಕ್ ಬಣ್ಣವನ್ನು ಗಾಢವಾಗಿ ಹಚ್ಚಿದರೆ ಚಿತ್ರ ಅಬ್ಬರಿಸುತ್ತದೆ, ತೆಳುವಾಗಿ ಹಚ್ಚಿದರೆ ಸಪ್ಪೆಯಾಗುತ್ತದೆ, ಹಾಗಾದರೆ ಹಚ್ಚುವುದು ಹೇಗೆ ಎಂಬುದು ಎರಡನೆಯದು. ಎರಡಕ್ಕೂ ನನ್ನಲ್ಲಿ ಇರುವ ಉತ್ತರ ಒಂದೇ. ಅದನ್ನು ನಾನು ಯಾವ ತರಬೇತಿ ಶಿಬಿರದಲ್ಲಿಯೂ ಕಲಿಯಲಿಲ್ಲ. ನನ್ನ ಮುಖ್ಯಾಧ್ಯಾಪಕರೊಬ್ಬರ ದೃಷ್ಟಿ ದಿನೇದಿನೇ ಮಸುಕಾಗುತ್ತಿದ್ದಾಗ, ಅದು ಪೂರ್ತಿ ಹೋಗುವ ಮೊದಲು ಅವರಿಗೆ ಕಾಣುವಂಥ ಒಂದು ಚಿತ್ರವನ್ನು ಬರೆದುಕೊಡಬೇಕಾಗಿ ಬಂದಿತು. ಆಗ ಕಲಿತೆ. ಆದ್ದರಿಂದ ಬಡ್ತಿ, ಆದೇಶ, ಸನ್ಮಾನಗಳ ಮಾತನ್ನು ಬದಿಗಿಟ್ಟು, ಆ ಚಿತ್ರದವರೆಗೆ ನಾನು ನಡೆದು ಬಂದ ದಾರಿಯನ್ನಷ್ಟೇ ಇಲ್ಲಿ ಬರೆಯುತ್ತೇನೆ.

ತೊಂಬತ್ತರ ದಶಕದ ಆರಂಭದಲ್ಲಿ ಇಂಡಿ ತಾಲ್ಲೂಕಿನ ತಾಂಬಾದ ಪ್ರೌಢಶಾಲೆಯಲ್ಲಿ ನಾನು ಕೆಲಸಕ್ಕೆ ಸೇರಿದಾಗ ಅಲ್ಲಿ ಮುಖ್ಯಾಧ್ಯಾಪಕರಾಗಿದ್ದವರು ಇನಾಮದಾರ ಸರ್. ಇಂಗಳೇಶ್ವರದವರು, ಮನೆಯಲ್ಲಿ ಅರ್ಧ ಮರಾಠಿ, ಅರ್ಧ ಕನ್ನಡ, ಶಾಲೆಯಲ್ಲಿ ಗಣಿತ. ಆ ಕಡೆ ಶಿಕ್ಷಕಿಯರೆಲ್ಲ ‘ಅಕ್ಕೋರು’. ಗಣಿತದ ಪಾಠ ಹಿಂದೆ ಬಿದ್ದಾಗಲೆಲ್ಲ ಅವರ ಕಣ್ಣು ನನ್ನ ಅವಧಿಯ ಮೇಲೆ ಬೀಳುತ್ತಿತ್ತು.

“ಅಕ್ಕೋರ, ಇವತ್ತ ಕಡೀ ತಾಸು ನನಗ ಕೊಡ್ರಿ. ಪ್ರಮೇಯ ಮುಗಸಬೇಕಾಗೇದ.”

“ಹೋದ ವಾರನೂ ನೀವ ತೊಗೊಂಡೀರಿ, ಸರ್.”

“ನಿಮ್ಮ ಚಿತ್ರದಾಗಿನ ಆಕಳಾ ಎಲ್ಲೂ ಓಡಿ ಹೋಗಂಗಿಲ್ಲ. ನನ್ನ ಹುಡುಗೂರು ಓಡಿ ಹೋಗ್ತಾವ.”

ನನಗೆ ಸಿಟ್ಟು ಬರುತ್ತಿತ್ತು. ಆದರೆ ಅವಧಿಯನ್ನು ಕಸಿದುಕೊಂಡ ಮರುದಿನ ಅವರೇ ಬಂದು, ಮಕ್ಕಳ ನಡುವೆ ಕಡೆಯ ಬೆಂಚಿನಲ್ಲಿ ಮಂಡಿ ಮಡಚಿ ಕುಳಿತು, ನನ್ನ ಪಾಠವನ್ನು ಕೊನೆಯವರೆಗೆ ಕೇಳುತ್ತಿದ್ದರು. ಚಿತ್ರಕಲೆಯ ತಾಸಿನಲ್ಲಿ ಹಾಗೆ ಕುಳಿತ ಇನ್ನೊಬ್ಬ ಮುಖ್ಯಾಧ್ಯಾಪಕರನ್ನು ನನ್ನ ಸೇವೆಯುದ್ದಕ್ಕೂ ನಾನು ಕಾಣಲಿಲ್ಲ.

ನನ್ನ ವಿಧಾನ ಆಗ ಒಂದೇ ಆಗಿತ್ತು: ಚೌಕಳಿ. ಮೂಲ ಚಿತ್ರದ ಮೇಲೆ ಸಣ್ಣ ಚೌಕಗಳು, ಹಾಳೆಯ ಮೇಲೆ ದೊಡ್ಡ ಚೌಕಗಳು. ಒಂದೊಂದು ಚೌಕದಲ್ಲಿ ಏನಿದೆಯೋ ಅದನ್ನು ಅಷ್ಟಕ್ಕಷ್ಟೇ ದಾಟಿಸುವುದು. ಪೆನ್ಸಿಲ್ ಮೊನೆ ಸೂಜಿಯಂತಿರಬೇಕು. ಅಂಚಿನ ಗೆರೆ ಅಳತೆಪಟ್ಟಿಯಿಂದಲೇ ಬರಬೇಕು. ಚಿತ್ರದ ಕೆಳಗಿನ ಶೀರ್ಷಿಕೆಯಲ್ಲಿ ಒಂದು ಒತ್ತಕ್ಷರ ಜಾರಿದರೂ ಹಾಳೆ ಹಿಂದಕ್ಕೆ ಹೋಗಬೇಕು. ಮಕ್ಕಳು ನನಗೆ ಅಂಜುತ್ತಿದ್ದರು; ನಾನು ಅದನ್ನು ಶಿಸ್ತು ಎಂದು ತಿಳಿದಿದ್ದೆ.

ಸಿಂದಗಿಗೆ ವರ್ಗವಾದ ಮೇಲೆ ಆ ಶಿಸ್ತಿಗೆ ಮೊದಲ ಪೆಟ್ಟು ಬಿತ್ತು. ವಿಜ್ಞಾನದ ಪಾಠಕ್ಕಾಗಿ ದಾಸವಾಳ ಹೂವಿನ ಭಾಗಗಳ ದೊಡ್ಡ ಪಟವೊಂದನ್ನು ಬರೆಯಲು ನನಗೆ ಹೇಳಿದ್ದರು. ಕೇಸರದ ಪ್ರತಿಯೊಂದು ಎಳೆ, ದಳದ ಪ್ರತಿಯೊಂದು ನರ, ಪರಾಗದ ಪ್ರತಿಯೊಂದು ಕಣ ಅದರಲ್ಲಿತ್ತು. ತಪಾಸಣೆಗೆಂದು ಬಂದ ಅಧಿಕಾರಿಗಳು ಕಡೆಯ ಬೆಂಚಿನ ಹುಡುಗಿಯೊಬ್ಬಳನ್ನು ಎಬ್ಬಿಸಿ, “ಇದೇನವಾ?” ಎಂದು ಕೇಳಿದರು.

“ಜೇಡರಿ.”

ಅಧಿಕಾರಿಗಳು ನನ್ನ ಕಡೆ ತಿರುಗಿದರು. “ಜೇಡ ಭಾಳ ಚಂದ ತಗದೀರಿ, ಅಕ್ಕೋರ. ಹೂ ಯಾವಾಗ ತಗೀತೀರಿ?”

ಆ ಹುಡುಗಿಯ ಕಣ್ಣಿಗೆ ಚಾಳೀಸು ಬೇಕಾಗಿದೆ ಎಂದು ನಾನು ಆ ಸಂಜೆ ಸಹೋದ್ಯೋಗಿಗಳ ಮುಂದೆ ವಾದಿಸಿದೆ. ಪಟದ ಬಗ್ಗೆ ನನಗೆ ಕಿಂಚಿತ್ತೂ ಸಂಶಯ ಬರಲಿಲ್ಲ.

ಮುದ್ದೇಬಿಹಾಳದಲ್ಲಿದ್ದಾಗ ಅಕ್ರಿಲಿಕ್ ನನ್ನ ಕೈಗೆ ಬಂದಿತು. ಅಲ್ಲಿಯವರೆಗೆ ನಮ್ಮ ಶಾಲೆಗಳಲ್ಲಿ ಜಲವರ್ಣ, ಇಲ್ಲವೇ ಡಬ್ಬಿಯ ಪೋಸ್ಟರ್ ಬಣ್ಣ. ಸೊಲ್ಲಾಪುರದಿಂದ ತರಿಸಿದ ಹೊಸ ಟ್ಯೂಬುಗಳನ್ನು ಕಂಡು ಹಿಗ್ಗಿ, ನನ್ನ ಪದ್ಧತಿಯಂತೆ ಬೆಳಿಗ್ಗೆಯೇ ಎಲ್ಲ ಬಣ್ಣಗಳನ್ನೂ ತಟ್ಟೆಯ ಸುತ್ತ ಕ್ರಮವಾಗಿ ಹಿಂಡಿಟ್ಟುಕೊಂಡೆ. ಅದು ಏಪ್ರಿಲ್ ತಿಂಗಳು. ಆ ಊರಿನ ಒಣಗಾಳಿಯಲ್ಲಿ ಮೊದಲ ಚೌಕ ತುಂಬುವಷ್ಟರಲ್ಲಿ ಬಣ್ಣಗಳೆಲ್ಲ ಬಿಗಿದು ರಬ್ಬರಾದವು. ವಿಜ್ಞಾನ ಶಿಕ್ಷಕರಾದ ಮುಲ್ಲಾ ಸರ್ ಇಣುಕಿ ನೋಡಿದರು.

“ಹಪ್ಪಳಾ ಹಾಕೀರೇನ್ರಿ, ಅಕ್ಕೋರ? ಒಣಗ್ಯಾವ. ಇನ್ನ ಕರದಬಿಡ್ರಿ.”

ಅಂದಿನಿಂದ ಅಂಜಿ ಅಂಜಿ ನೀರು ಬೆರೆಸತೊಡಗಿದೆ. ಬಣ್ಣ ಒಣಗುವುದು ತುಸು ತಡವಾಯಿತು. ಆದರೆ ಅಕ್ರಿಲಿಕ್ಕಿನ ಸತ್ತ್ವವೇ ತೊಳೆದುಹೋಗಿ ಅದು ಬಡ ಜಲವರ್ಣದಂತಾಯಿತು. ಹೊಸ ವಸ್ತುವನ್ನು ಹಳೆಯ ಅಭ್ಯಾಸಕ್ಕೆ ಬಗ್ಗಿಸುತ್ತಿದ್ದೇನೆ ಎಂಬುದು ನನಗೆ ಹೊಳೆಯಲೇ ಇಲ್ಲ.

ಹೊಸ ಶತಮಾನದ ಮೊದಲ ವರ್ಷಗಳಲ್ಲಿ ನನಗೆ ಬಸವನ ಬಾಗೇವಾಡಿಗೆ ವರ್ಗವಾಯಿತು. ಹಾಜರಾಗಲು ಕಚೇರಿಯೊಳಗೆ ಹೋದರೆ ಕುರ್ಚಿಯಲ್ಲಿ ಇನಾಮದಾರ ಸರ್! ನಾನು ನಮಸ್ಕಾರ ಮಾಡಿ ನಿಂತೆ. ಅವರು ನನ್ನ ಭುಜದಾಚೆ ಗೋಡೆಯ ಕಡೆಗೆ ಮುಖ ಮಾಡಿ, “ಯಾರ್ರಿ?” ಎಂದರು. ನಾನು ಬಾಯಿ ಬಿಟ್ಟ ಕೂಡಲೇ ಮುಖ ಅರಳಿತು.

“ಓಹೋ, ಬಿರಾದಾರ ಅಕ್ಕೋರು! ತಾಂಬಾದ ಆಕಳಾ ಇನ್ನೂ ಅಲ್ಲೇ ಅದನೋ, ಓಡಿ ಹೋತೋ?”

ದೃಷ್ಟಿಯ ಸಂಗತಿಯನ್ನು ಅವರು ಯಾರಿಂದಲೂ ಮುಚ್ಚಿಟ್ಟಿರಲಿಲ್ಲ. ಕಣ್ಣಿನ ನರ ಒಣಗುತ್ತಿದೆ, ಶಸ್ತ್ರಕ್ರಿಯೆಗೆ ಬರುವಂಥದ್ದಲ್ಲ, ಈಗ ಉಳಿದಿರುವುದೂ ಹೆಚ್ಚು ಕಾಲ ನಿಲ್ಲುವುದಿಲ್ಲ ಎಂದು ಮಿರಜಿನ ವೈದ್ಯರು ಹೇಳಿದ್ದರು. ಆ ಶಾಲಾ ವರ್ಷದ ಫೆಬ್ರುವರಿ ಕೊನೆಗೆ ಅವರ ನಿವೃತ್ತಿಯಿತ್ತು. ಬೀಳ್ಕೊಡುಗೆಯ ಕಾಣಿಕೆಯ ವಿಚಾರವಾಗಿ ದೈಹಿಕ ಶಿಕ್ಷಕರಾದ ಹಿರೇಮಠ ಸರ್ ಶಿಕ್ಷಕರ ಕೋಣೆಯಲ್ಲಿ ಸಭೆ ಸೇರಿಸಿ, ವಾಡಿಕೆಯಂತೆ ಗೋಡೆ ಗಡಿಯಾರ ಎಂದು ಗೊತ್ತುಮಾಡುತ್ತಿರುವಾಗ ಸ್ವತಃ ಇನಾಮದಾರ ಸರ್ ಬಾಗಿಲಲ್ಲಿ ಬಂದು ನಿಂತರು.

“ಗಡಿಯಾರ ಬ್ಯಾಡ್ರಿ, ಹಿರೇಮಠ. ಅದರ ಮುಳ್ಳ ನನಗ ಕಾಣಂಗಿಲ್ಲ. ಮತ್ತ ನಮ್ಮ ಮನ್ಯಾಗ ಹೊತ್ತ ಹೇಳಾಕಿ ಒಬ್ಬಾಕಿ ಇದ್ದಾಳ. ಕೀಲಿ ಕೊಡೂದೂ ಬೇಕಾಗಿಲ್ಲ.”

ನಗು ಅಡಗಿದ ಮೇಲೆ ಅವರು ನನ್ನ ನಗು ಕೇಳಿಸಿದ ದಿಕ್ಕಿಗೆ ತಿರುಗಿದರು.

“ಅಕ್ಕೋರ, ಇಂಗಳೇಶ್ವರದಿಂದ ಸಾಲಿಗೆ ಬರೂವಾಗ ಒಂದ ಏರು ಬರ್ತದ ನೋಡ್ರಿ. ಹ್ವಾದ ವರ್ಷದ ತನಕಾ ಅಲ್ಲಿ ದಿನಾ ಸೈಕಲ್ ಇಳದ ನಿಂದರತಿದ್ದೆ. ಕೆಳಗ ಎರಿ ಹೊಲ, ಅದರಾಗ ಕುಸುಬಿ ಹೂವಾಗಿರ್ತದ. ಅದನ್ನೊಂದ ಬರದ ಕೊಡ್ರಿ. ಕಣ್ಣ ಇರೂದ್ರಾಗ ನೋಡಿ ಇಟಗೋತೀನಿ.”

“ಸರ್, ಆ ಹೊಲಕ್ಕ ಕರಕೊಂಡ ಹೋಗಲಿ?”

“ಹೋಗಿ ಬಂದೀನ್ರಿ. ಬಿಸಲಾಗ ಎಲ್ಲಾ ಬೆಳ್ಳಗಾಗಿ ಬಿಡ್ತದ. ನೆಳ್ಳಾಗ ಇಟ್ಟ ನೋಡಿದ್ರ ಒಂದೀಟ ತಿಳೀತದ. ಚಿತ್ರಾ ಆದ್ರ ನೆಳ್ಳಾಗ ಇಡಬಹುದಲ್ಲ?”

ಇದಕ್ಕಿಂತ ಸ್ಪಷ್ಟವಾದ ಕೋರಿಕೆ ಇನ್ನೊಂದು ಇರಲಾರದು. ಆದರೂ ನಾನು ಮಾಡಿದ್ದೇನು? ಆ ಏರಿನ ಮೇಲಿಂದ ಹೊಲದ ಫೋಟೊ ತೆಗೆಸಿ, ಅದರ ಮೇಲೆ ಚೌಕಳಿ ಹಾಕಿ, ನನ್ನ ಸೇವೆಯಲ್ಲೇ ಅತ್ಯಂತ ಸೂಕ್ಷ್ಮವಾದ ಜಲವರ್ಣ ಚಿತ್ರವನ್ನು ಬರೆದೆ. ಕುಸುಬೆಯ ಮುಳ್ಳುಗಳು ಕಾಣುತ್ತಿದ್ದವು. ಹುಣಸೆಮರದ ಎಲೆಗಳನ್ನು ಬೇಕಾದವರು ಎಣಿಸಬಹುದಿತ್ತು. ಬಸ್ಸು ಹಿಡಿದು ಇಂಗಳೇಶ್ವರಕ್ಕೆ ಹೋಗಿ ಸರ್ ಅವರ ಕೈಯಲ್ಲಿ ಇಟ್ಟೆ. ಅವರು ಅದನ್ನು ಮೂಗಿನ ಹತ್ತಿರ ಹಿಡಿದರು, ತೋಳುದ್ದ ದೂರ ಹಿಡಿದರು, ಓರೆ ಮಾಡಿದರು.

“ಭಾಳ ಚಂದ ಆಗೇದ್ರಿ,” ಎಂದರು.

ಹೊರಡುವಾಗ ಅವರ ಪತ್ನಿ ಇಂದಿರಾ ಕಾಕು ನನ್ನೊಡನೆ ಅಂಗಳದವರೆಗೆ ಬಂದರು. “ನೀಲಾ, ಸಿಟ್ಟಾಗಬ್ಯಾಡ. ಅವರಿಗೆ ಏನೂ ಕಾಣಲಿಲ್ಲ. ನಿನ್ನ ಮನಸ್ಸ ನೋಯಬಾರದಂತ ಹಂಗಂದ್ರು. ನನಗ ಗೊತ್ತಾಗ್ತದ, ನಾ ಹೊಸಾ ಸೀರಿ ಉಟ್ಟಾಗನೂ ಹಂಗ ಅಂತಾರ.”

ಚಿತ್ರವನ್ನು ಮರಳಿ ತರುತ್ತ ಬಸ್ಸಿನಲ್ಲಿ ನಾನು ಬಣ್ಣವನ್ನೇ ದೂರಿದೆ. ಜಲವರ್ಣ ಮೆತ್ತಗಿನದು, ಆದ್ದರಿಂದ ಅಕ್ರಿಲಿಕ್ ಬೇಕು ಎಂದುಕೊಂಡೆ. ಎರಡನೆಯ ಚಿತ್ರದಲ್ಲಿ ಹಳದಿಯನ್ನು ಉರಿಯುವ ಹಳದಿ ಮಾಡಿದೆ. ಆಕಾಶವನ್ನು ಅಪ್ಪಟ ನೀಲಿ, ಮರವನ್ನು ಅಪ್ಪಟ ಹಸಿರು, ಮಣ್ಣಿನ ಬದುವನ್ನು ಕೆಂಪು ಮಾಡಿದೆ. ಮುಳ್ಳುಗಳನ್ನು ಬಿಟ್ಟೆನಾದರೂ ಬೇಲಿ, ಕಾಲುದಾರಿ, ಮೇವಿನ ಬಣವೆ, ದೂರದ ಮನೆಗಳು ಹಾಗೆಯೇ ಉಳಿದವು. ಅವಕ್ಕೂ ಒಂದೊಂದು ಗಟ್ಟಿ ಬಣ್ಣ. ಈ ಬಾರಿ ಚಿತ್ರವನ್ನು ಎದುರಿಗಿಡುವ ಮೊದಲೇ ಹೇಳಿದೆ: “ಸರ್, ನನ್ನ ಮುಖಾ ನೋಡಿ ಹೇಳಬ್ಯಾಡ್ರಿ. ಚಿತ್ರಾ ನೋಡಿ ಹೇಳ್ರಿ.”

“ನಿಮ್ಮ ಮುಖಾ ಕಂಡಿದ್ರ ಅಂಜತಿದ್ದೆ. ಈಗ ಆ ಅಂಜಿಕಿ ಇಲ್ಲ,” ಎಂದು ನಕ್ಕು, ಅವರು ಬಹಳ ಹೊತ್ತು ಚಿತ್ರದ ಕಡೆ ಮುಖ ಮಾಡಿ ಕುಳಿತರು.

“ಇದು ಮಾಸ್ತರ ಇಲ್ಲದ ವರ್ಗ ಆಗೇದ್ರಿ, ಅಕ್ಕೋರ. ಎಲ್ಲಾರೂ ಕೂಡೇ ಒದರಲಿಕ್ಕತ್ತಾರ. ಗದ್ದಲ ಅದ ಅಂತ ತಿಳೀತದ. ಯಾರು ಏನಂತಾರ ತಿಳಿಯೂದಿಲ್ಲ.”

“ಹಂಗಾರ ಏನ ಮಾಡ್ಲಿ?”

“ವರ್ಗದಾಗ ಏನ ಮಾಡ್ತೀರಿ? ಒಬ್ಬನ್ನ ಎಬ್ಬಿಸಿ ನಿಂದರಸರಿ. ಉಳದವರನ್ನ ಕೂಡಸರಿ.”

ಕಿರಿಯರು ಮೊದಲು ಕೇಳುವ ಆ ಎರಡು ಪ್ರಶ್ನೆಗಳಿಗೆ ನಾನು ಕೊಡುವ ಉತ್ತರ ಇದೇ. ಗಾಢವಾದ ಬಣ್ಣವೆಂದರೆ ಎಲ್ಲ ಬಣ್ಣಗಳ ಗಾಢತೆಯಲ್ಲ; ಒಂದು ಮಾತನಾಡುವಾಗ ಉಳಿದವು ಕೇಳಿಸಿಕೊಳ್ಳುವುದು. ಯಾವುದು ಕೇಳಿಸಿಕೊಳ್ಳಲಾರದೋ ಅದನ್ನು ಚಿತ್ರದಿಂದ ಹೊರಗೆ ಕಳಿಸಬೇಕು.

ಆದರೆ ಯಾರನ್ನು ಎಬ್ಬಿಸುವುದು? ಅವರಿಗೆ ಜಗತ್ತು ಹೇಗೆ ಕಾಣುತ್ತದೆ ಎಂದು ಕೇಳಿದೆ. ಬಿಳಿ ಮಲ್‌ಮಲ್ ಬಟ್ಟೆಯನ್ನು ಎರಡು ಪದರ ಮಾಡಿ ಅದರೊಳಗಿನಿಂದ ನೋಡಿದಂತೆ ಎಂದರು. ಮುಂದಿನ ಭಾನುವಾರ ಬೆಳಿಗ್ಗೆ ಆ ಏರಿನ ಮೇಲೆ ನಿಂತು ನಾನು ಹಾಗೆಯೇ ಬಟ್ಟೆ ಕಟ್ಟಿಕೊಂಡೆ. ಬುಟ್ಟಿ ಹೊತ್ತು ಹೊಲಕ್ಕೆ ಹೊರಟಿದ್ದ ಹೆಂಗಸೊಬ್ಬಳ ಧ್ವನಿ ಕೇಳಿಸಿತು.

“ಕಣ್ಣ ಬಂದಾವೇನಬೇ, ಅಕ್ಕಾ?”

“ಇಲ್ಲಬೇ. ಹೊಲಾ ನೋಡಾಕತ್ತೇನಿ.”

“ಕಣ್ಣ ಕಟಗೊಂಡು?”

“ಹೂಂ.”

“ನೋಡಬೇ ನೋಡ. ಎಡವಿ ಬಿದ್ದಗಿದ್ದೀ,” ಎಂದು ನಗುತ್ತ ಹೋದಳು.

ಬಟ್ಟೆಯ ಹಿಂದಿನಿಂದ ಬೇಲಿ ಕಾಣಲಿಲ್ಲ. ಬಣವೆ, ಮನೆಗಳು, ಕಾಲುದಾರಿ ಯಾವುವೂ ಕಾಣಲಿಲ್ಲ. ಉಳಿದವು ನಾಲ್ಕೇ: ಕೆಳಗೆ ಕಪ್ಪು ಹೊಲ, ನಡುವೆ ಹಳದಿಯ ಅಗಲವಾದ ಪಟ್ಟಿ, ಮೇಲೆ ಬಿಳಿಚಿದ ಆಕಾಶ, ಒಂದು ಕಡೆ ಹುಣಸೆಮರದ ದಟ್ಟ ಗುಪ್ಪೆ. ಬಟ್ಟೆಯನ್ನು ಬಿಚ್ಚಿದ ಮೇಲೆಯೂ ನನಗೆ ಆ ನಾಲ್ಕೇ ಮುಖ್ಯವಾಗಿ ಕಂಡವು.

ಮೂರನೆಯ ಚಿತ್ರಕ್ಕೆ ಪೆನ್ಸಿಲ್ ಮುಟ್ಟಲಿಲ್ಲ, ಚೌಕಳಿ ಹಾಕಲಿಲ್ಲ. ಬಿಳಿ ಬಳಿದ ದೊಡ್ಡ ಪ್ಲೈವುಡ್ ಹಲಗೆ, ಕಿಟಕಿಗೆ ಬಣ್ಣ ಹಚ್ಚುವ ಅಗಲವಾದ ಬ್ರಷ್. ಒಂದೊಂದು ಆಕಾರಕ್ಕೆ ಬೇಕಾಗುವಷ್ಟು ಬಣ್ಣವನ್ನು ಬಟ್ಟಲಿನಲ್ಲಿ ಮೊದಲೇ ಕಲಸಿ, ಒದ್ದೆ ಬಟ್ಟೆ ಮುಚ್ಚಿಟ್ಟೆ. ಒಣಗಿದ ಮೇಲೆ ಅಕ್ರಿಲಿಕ್ ತುಸು ಕಪ್ಪಾಗುವುದರಿಂದ, ಹಲಗೆಯ ತುಂಡಿನ ಮೇಲೆ ಹಚ್ಚಿ, ಒಣಗಿಸಿ ನೋಡಿ, ಆಮೇಲೆ ಬಳಿದೆ. ಹಳದಿಯನ್ನು ನೇರವಾಗಿ ಬಿಳಿಯ ಮೇಲೆಯೇ ಹಚ್ಚಿದೆ. ಕಪ್ಪಿನ ಮೇಲೆ ಹಚ್ಚಿದರೆ ಅದು ಹಸಿರು ತಿರುಗಿ ಕೊಳೆಯಾಗುತ್ತದೆ. ಎರೆಮಣ್ಣಿಗೆ ಟ್ಯೂಬಿನ ಕಪ್ಪನ್ನು ಬಳಸದೆ ಕಡುನೀಲಿಗೆ ಕಂದು ಬೆರೆಸಿದೆ. ಅದೇ ಮಿಶ್ರಣದ ಒಂದು ಚೂರನ್ನು ಬಿಳಿಯೊಳಗೆ ಹಾಕಿ ಆಕಾಶವನ್ನು ಕೂರಿಸಿದೆ. ಮರಕ್ಕೆ ಹಸಿರು ಇದೆಯೆಂದು ಹೇಳಬಹುದಾದಷ್ಟು ಹಸಿರು. ಎದ್ದು ನಿಂತದ್ದು ಹಳದಿ ಒಂದೇ.

ಶಿಕ್ಷಕರ ಕೋಣೆಯಲ್ಲಿ ಅದನ್ನು ಒರಗಿಸಿದಾಗ ಹಿರೇಮಠ ಸರ್ ಅದನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ನಿಂತು ನೋಡಿದರು.

“ಇದು ಇನ್ನೂ ಮುಗಿಯೂದೈತಲ್ರಿ?”

“ಮುಗದೈತ್ರಿ.”

“ಅಕ್ಕೋರ, ಇಡೀ ತಾಲ್ಲೂಕಿನ ಮಾಸ್ತರಮಂದಿ ಬರ್ತಾರ. ಸಿಟ್ಟಾಗಬ್ಯಾಡ್ರಿ, ಮೊದಲಿನ ಚಿತ್ರಾನ ಕೊಡೂಣು. ಅದರಾಗ ನಿಮ್ಮ ಕೈ ಎಂಥಾದ್ದಂತ ಗೊತ್ತಾಗತೈತಿ.”

“ಅವರಿಗೆ ಕಾಣಬೇಕಾದ್ದು ಹೊಲಾರಿ, ನನ್ನ ಕೈ ಅಲ್ಲ,” ಎಂದೆ. ಧೈರ್ಯವಾಗಿ ಹೇಳಿದೆನೇ ಹೊರತು, ಈ ಬಾರಿಯೂ ಅವರು ‘ಭಾಳ ಚಂದ ಆಗೇದ’ ಎಂದುಬಿಟ್ಟರೆ ಏನು ಮಾಡುವುದು ಎಂಬ ಭಯ ಒಳಗೆ ಇದ್ದೇ ಇತ್ತು. ಇನ್ನೊಂದು ಚಿತ್ರಕ್ಕೆ ಅವರ ಕಣ್ಣಿನಲ್ಲಿ ಕಾಲಾವಕಾಶವಿರಲಿಲ್ಲ. ಆಗಲೇ ಅವರು ಕಾಕುವಿನ ಭುಜ ಹಿಡಿಯದೆ ಮೆಟ್ಟಿಲು ಇಳಿಯುತ್ತಿರಲಿಲ್ಲ.

ಬೀಳ್ಕೊಡುಗೆಯ ದಿನ ಸಭಾಂಗಣದ ಕಿಟಕಿಗಳ ಬಿಸಿಲಿಗೆ ಪರದೆ ಎಳೆದು, ಚಿತ್ರವನ್ನು ವೇದಿಕೆಯಲ್ಲಿ ಕುರ್ಚಿಯ ಮೇಲೆ ನಿಲ್ಲಿಸಿದೆವು. ಶಾಲು, ಹಾರ, ಫಲಪುಷ್ಪ ಎಲ್ಲ ಮುಗಿದ ಮೇಲೆ ಇನಾಮದಾರ ಸರ್ ಅವರನ್ನು ಅದರ ಎದುರಿಗೆ ಕರೆತಂದು ನಿಲ್ಲಿಸಿದೆವು. ಅವರು ಅದನ್ನು ಮೂಗಿನ ಹತ್ತಿರ ಒಯ್ಯಲಿಲ್ಲ, ಓರೆ ಮಾಡಲಿಲ್ಲ. ನಿಂತಲ್ಲಿಯೇ ನಿಂತರು. ಸಭೆಯಲ್ಲಿ ಪಿಸುಮಾತು ಎದ್ದಿತು. ಬಹಳ ಹೊತ್ತಿನ ಮೇಲೆ ಅವರ ಹುಬ್ಬು ಗಂಟಿಕ್ಕಿತು.

“ಅಕ್ಕೋರ.”

“ಸರ್.”

“ಹುಣಸಿ ಗಿಡಾ ಈ ಕಡೆ ಯಾಕ ಬಂತ್ರಿ?”

ಅವರ ಕೈ ಚಿತ್ರದ ಬಲಗಡೆಯ ಮರದ ಕಡೆಗೆ ನೆಟ್ಟಗೆ ಚಾಚಿತ್ತು.

“ಗಿಡಾ ಎಡಕ್ಕ ಅದಲ್ರಿ! ಕುಸುಬಿ ಬರೋಬ್ಬರಿ ಅದ, ಎರಿ ಬರೋಬ್ಬರಿ ಅದ. ಗಿಡಾ ಮಾತ್ರ ತಪ್ಪೇದ.”

ಅದು ನಿಜವಾಗಿತ್ತು. ನೆನಪಿನಿಂದ ಬರೆಯುವ ಸ್ಮರಣಚಿತ್ರದ ಪರೀಕ್ಷೆಗೆ ನಾನು ವರ್ಷಗಟ್ಟಲೆ ಕಲಿಸಿದ ಒಂದು ನಿಯಮವಿತ್ತು: ಚಿತ್ರದ ಭಾರ ಬಲಗಡೆ ಇರಬೇಕು, ಮರವಿದ್ದರೆ ಬಲಕ್ಕೆ ಬರಬೇಕು. ಅಷ್ಟೆಲ್ಲವನ್ನು ಬಿಟ್ಟುಕೊಟ್ಟವಳು ಈ ಒಂದು ನಿಯಮವನ್ನು ಬಿಡದೆ, ಸಮತೋಲನದ ಹೆಸರಿನಲ್ಲಿ ಅವರ ಮರವನ್ನು ಕಿತ್ತು ಆಚೆ ಬದಿಗೆ ನೆಟ್ಟಿದ್ದೆ. ಹಿರೇಮಠ ಸರ್ ತಲೆ ತಗ್ಗಿಸಿದರು. ಕಾಕು ಮೊದಲ ಸಾಲಿನಲ್ಲಿ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದರು. ಅವರ ಕಣ್ಣು ತುಂಬಿತ್ತು. ನಾನು ಜೀವನದಲ್ಲಿ ಎಷ್ಟೋ ಮಕ್ಕಳ ಎಷ್ಟೋ ತಪ್ಪುಗಳನ್ನು ತಿದ್ದಿದವಳು. ನನ್ನ ತಪ್ಪೊಂದು ಸಿಕ್ಕಿಬಿದ್ದದ್ದಕ್ಕೆ ಅಷ್ಟು ಸಂತೋಷಪಟ್ಟದ್ದು ಅದೇ ಮೊದಲು. ಎದ್ದು ನಿಂತು, ಎಲ್ಲರಿಗೂ ಕೇಳಿಸುವಂತೆ, “ಹೌದ್ರಿ ಸರ್, ತಪ್ಪೈತಿ,” ಎಂದೆ.

“ತಿದ್ದಿ ತರ್ರಿ,” ಎಂದರು ಅವರು, ಹಾಳೆ ಹಿಂದಿರುಗಿಸುವ ಮಾಸ್ತರರ ಹಾಗೆಯೇ.

ಬಿಡುವ ಅಧಿಕಾರ ಚಿತ್ರಕಾರರಿಗೆ ಉಂಟು. ಬೇಲಿಯನ್ನು ಬಿಡಬಹುದು, ಬಣವೆಯನ್ನು ಬಿಡಬಹುದು, ಸಾವಿರ ಎಲೆಗಳನ್ನು ಒಂದೇ ಗುಪ್ಪೆ ಮಾಡಬಹುದು. ಆದರೆ ಉಳಿಸಿಕೊಂಡದ್ದು ಅದರ ಜಾಗದಲ್ಲಿಯೇ ಇರಬೇಕು. ಚಿತ್ರ ಸರಳವಾದಷ್ಟೂ ಈ ಕಟ್ಟು ಬಿಗಿಯಾಗುತ್ತದೆ. ನಾಲ್ಕೇ ಸಂಗತಿಗಳಿರುವಾಗ ಒಂದು ತಪ್ಪಿದರೆ ಅಡಗಲು ಅದಕ್ಕೆ ಮರೆಯಿರುವುದಿಲ್ಲ.

ಮುಂದಿನ ದೀಪಾವಳಿಯ ಹೊತ್ತಿಗೆ ಸರ್ ಅವರಿಗೆ ಬೆಳಕು ಕತ್ತಲೆಗಳ ಭೇದವಷ್ಟೇ ಉಳಿಯಿತು. ಆದರೆ ಅದಕ್ಕೆ ಎಷ್ಟೋ ಮೊದಲು, ಬೀಳ್ಕೊಡುಗೆಯ ಮರುದಿನವೇ, ನಾನು ಬಣ್ಣಗಳೊಂದಿಗೆ ಇಂಗಳೇಶ್ವರಕ್ಕೆ ಹೋದೆ. ಪಡಸಾಲೆಯ ನೆರಳಿನಲ್ಲಿ ಹಲಗೆಯನ್ನು ಗೋಡೆಗೆ ಒರಗಿಸಿ, ಬಲಗಡೆಯ ಮರದ ಮೇಲೆ ದಪ್ಪನೆಯ ಬಿಳಿ ಬಳಿದೆ. ಕಾಕು ಕೊಟ್ಟ ಚಹಾ ಕುಡಿಯುವುದರೊಳಗೆ ಅದು ಒಣಗಿತು. ಅದರ ಮೇಲೆ ಕೆಳಗೆ ಹಳದಿ, ಮೇಲೆ ಆಕಾಶ ಹಚ್ಚಿ ಹೊಲವನ್ನು ಕೂಡಿಸಿದೆ. ಅನಂತರ ಕಪ್ಪು ಕಾಗದದಲ್ಲಿ ಮರದ ಆಕಾರವನ್ನು ಕತ್ತರಿಸಿ, ಅದನ್ನು ಚಿತ್ರದ ಎಡ ಭಾಗದಲ್ಲಿ ಹಿಡಿದು ನಿಧಾನವಾಗಿ ಸರಿಸತೊಡಗಿದೆ.

“ಇನ್ನೂ ಆಕಡೆ,” ಎಂದರು ಸರ್ ಕುರ್ಚಿಯಿಂದ. “ಇನ್ನೊಂದೀಟ. ತಡೀರಿ. ಒಂದ ಬಟ್ಟ ಹಿಂದಕ್ಕ ಬರ್ರಿ.” ನಾನು ಒಂದು ಬೆರಳಿನಷ್ಟು ಹಿಂದಕ್ಕೆ ಸರಿಸಿದೆ.

“ಒಂದ ಬಟ್ಟಿನ ಫರಕ ನಿಮಗ ಎಲ್ಲಿ ಕಾಣ್ತದರೀ? ಸುಮ್ಮ ಆಕೀನ ಕಾಡಸಬ್ಯಾಡ್ರಿ!” ಎಂದರು ಕಾಕು.

“ನೀ ಸುಮ್ಮನಿರು. ಹಾಂ, ಅಕ್ಕೋರ. ಅಲ್ಲೇ.”

ಅವರು ಎದ್ದರು. ಯಾರ ಭುಜವನ್ನೂ ಹಿಡಿಯದೆ ಪಡಸಾಲೆ ದಾಟಿ ಬಂದು, ಕಾಗದದ ಮರದ ಬುಡಕ್ಕೆ ಸರಿಯಾಗಿ ಬೆರಳಿಟ್ಟರು.

“ಇಲ್ಲೇ ನೋಡ್ರಿ,” ಎಂದರು. “ಇಲ್ಲೇ ನಾ ಗಿಡಕ್ಕ ಸೈಕಲ್ ಆನಸತಿದ್ದೆ.”